ಟೋಪಿ ತೆಗೆಯದ ಮಗನಿಗೆ 'ಒಂದು ಮೊಟ್ಟೆಯ ಕಥೆ' ತೋರಿಸಬಹುದಾ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ 19 ವರ್ಷ. ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಒಂದೂವರೆ ವರ್ಷದಿಂದ ಹಣೆಯ ಎರಡೂ ಕಡೆ ಮತ್ತು ನೆತ್ತಿಯ ಮೇಲೆ ಕೂದಲು ಕಡಿಮೆಯಾಗುತ್ತಿದೆ. ಅವರಪ್ಪನಿಗೂ ಮೂವತ್ತಕ್ಕೇ ಹೀಗಾಗಿತ್ತು. ಮೊದಲು ಕ್ರಿಕೆಟ್, ಗೆಳೆಯರು ಅಂತ ಓಡಾಡಿಕೊಂಡಿದ್ದ ಹುಡುಗ ಈಗ ಮನೆಯೊಳಗೂ ಟೋಪಿ ಹಾಕಿಕೊಂಡೇ ಇರುತ್ತಾನೆ. ಊಟಕ್ಕೆ ಕೂತಾಗ 'ಟೋಪಿ ತೆಗಿಯೋ' ಅಂದ್ರೆ ತಟ್ಟೆ ಬಿಟ್ಟು ಎದ್ದು ಹೋಗ್ತಾನೆ. ಮುಂದಿನ ತಿಂಗಳು ನನ್ನ ಅಣ್ಣನ ಮಗಳ ಮದುವೆ. ಬರಲ್ಲ ಅಂತ ಹಟ ಹಿಡಿದಿದ್ದಾನೆ. 'ಕೂದಲಲ್ಲಿ ಏನಿದೆ' ಅಂತ ಎಷ್ಟು ಹೇಳಿದರೂ ಕೇಳಲ್ಲ. ನನ್ನ ತಂಗಿ, 'ಒಂದು ಮೊಟ್ಟೆಯ ಕಥೆ ಸಿನಿಮಾ ತೋರಿಸು, ಸರಿಹೋಗ್ತಾನೆ' ಅಂದಳು. ನಾನು ನೋಡಿಲ್ಲ. ಬೋಳು ತಲೆಯವನ ಕಥೆಯಂತೆ. ಗಾಯಕ್ಕೆ ಉಪ್ಪು ಸವರಿದ ಹಾಗೆ ಆಗಲ್ವಾ? ತೋರಿಸಬಹುದಾ?
(ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ತೋರಿಸಬಹುದು. ಆದರೆ ಮೊದಲು ನೀವು ನೋಡಿ. ನಿಮ್ಮ ಯಜಮಾನರೂ ನೋಡಲಿ. ಮಗ ನೋಡುವುದು ಆಮೇಲೆ. ಈ ಸಿನಿಮಾ ಅವನಿಗಿಂತ ಮೊದಲು ಮನೆಯವರಿಗೆ ಬೇಕು ಅಂತ ನನಗನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕಾಲೇಜು ಹುಡುಗ ಹುಡುಗಿಯರ ಜೊತೆ ಆಪ್ತಸಮಾಲೋಚನೆ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಪರೀಕ್ಷೆ, ಪ್ರೀತಿ, ಮನೆಯ ಜಗಳ ಅಂತ ಬರುವವರೇ ಹೆಚ್ಚು. ಆದರೆ ಎರಡು ಮೂರು ಸಲ ಮಾತಾಡಿದ ಮೇಲೆ ಎಷ್ಟೋ ಮಕ್ಕಳ ಬಾಯಿಂದ ಕೊನೆಗೆ ಬರುವ ಮಾತು ಒಂದೇ: 'ನಾನು ನೋಡೋಕೆ ಚೆನ್ನಾಗಿಲ್ಲ ಮೇಡಂ.' ಮೊಡವೆ, ಬಣ್ಣ, ಎತ್ತರ, ಹಲ್ಲು, ತೂಕ, ಕೂದಲು. ಅದನ್ನು ಹೇಳಲಿಕ್ಕೆ ಅವರಿಗೆ ಎಲ್ಲಕ್ಕಿಂತ ಜಾಸ್ತಿ ನಾಚಿಕೆ. ಇಷ್ಟು ಸಣ್ಣ ವಿಷಯಕ್ಕೆ ಅಳುತ್ತಿದ್ದೀನಲ್ಲ ಅಂತ ಇನ್ನೊಂದು ನಾಚಿಕೆ. 'ಕೂದಲಲ್ಲಿ ಏನಿದೆ' ಅಂತ ನೀವು ಪ್ರೀತಿಯಿಂದಲೇ ಹೇಳಿರುತ್ತೀರಿ, ನನಗೆ ಗೊತ್ತು. ಅವನ ಕಿವಿಗೆ ಅದು ಬೀಳುವುದೇ ಬೇರೆ ಥರ. 'ನಿನ್ನ ನೋವು ನೋವೇ ಅಲ್ಲ' ಅಂತ ಬೀಳುತ್ತದೆ.

ಈಗ ಸಿನಿಮಾಗೆ ಬರೋಣ. 'ಒಂದು ಮೊಟ್ಟೆಯ ಕಥೆ' ಬಿಡುಗಡೆಯಾಗಿದ್ದು 2017ರ ಜುಲೈ 7ರಂದು. ರಾಜ್ ಬಿ. ಶೆಟ್ಟಿ ಅವರ ಮೊದಲ ಚಿತ್ರ. ಬರೆದವರು, ನಿರ್ದೇಶಿಸಿದವರು, ಮುಖ್ಯ ಪಾತ್ರ ಮಾಡಿದವರು ಎಲ್ಲ ಅವರೇ. ದೊಡ್ಡ ಸ್ಟಾರ್ ಇಲ್ಲ, ಫೈಟ್ ಇಲ್ಲ, ದೊಡ್ಡ ಬಜೆಟ್ ಇಲ್ಲ. ಜನರಿಂದಲೇ ಹಣ ಕೂಡಿಸಿ 'ಲೂಸಿಯಾ' ಮಾಡಿದ್ದ ಪವನ್ ಕುಮಾರ್ ಮತ್ತು ಸುಹಾನ್ ಪ್ರಸಾದ್ ಇದಕ್ಕೆ ಬೆನ್ನೆಲುಬಾಗಿ ನಿಂತರು. ಮಿಧುನ್ ಮುಕುಂದನ್ ಸಂಗೀತ, ಪ್ರವೀಣ್ ಶ್ರೀಯಾನ್ ಕ್ಯಾಮೆರಾ. ಎಲ್ಲ ಮಂಗಳೂರಿನ ಸುತ್ತಮುತ್ತ, ಮಂಗಳೂರು ಕನ್ನಡದಲ್ಲೇ. ಆಮೇಲೆ 2019ರಲ್ಲಿ ಇದೇ ಕಥೆ ಮಲಯಾಳಂನಲ್ಲಿ 'ತಮಾಶ' ಅಂತಲೂ ಹಿಂದಿಯಲ್ಲಿ 'ಉಜಡಾ ಚಮನ್' ಅಂತಲೂ ಬಂತು. ನೀವು ಕನ್ನಡದ್ದನ್ನೇ ನೋಡಿ.

ಕಥಾನಾಯಕ ಜನಾರ್ದನ. 28 ವರ್ಷ. ಕಾಲೇಜಿನಲ್ಲಿ ಕನ್ನಡ ಲೆಕ್ಚರರ್. ಡಾ. ರಾಜ್‌ಕುಮಾರ್ ಅಂದರೆ ಪ್ರಾಣ. ತಲೆ ಮೊಟ್ಟೆಯ ಹಾಗೆ ನುಣ್ಣಗಿದೆ. ಕ್ಲಾಸಿನಲ್ಲಿ ಹುಡುಗರು ನಗುತ್ತಾರೆ. ಮನೆಯವರು ಹೆಣ್ಣು ಹುಡುಕುತ್ತಾರೆ, ಸಂಬಂಧ ಕೂಡಿಬರುವುದಿಲ್ಲ. ಬೆಳೆದು ದೊಡ್ಡವರಾಗುವ ಕಥೆಯ ಸಿನಿಮಾ ಅಂದರೆ ಹದಿನಾರರ ವಯಸ್ಸಿನವರದ್ದೇ ಆಗಿರಬೇಕು ಅಂತ ನಾವು ಅಂದುಕೊಂಡಿರುತ್ತೇವೆ. ಜನಾರ್ದನ ಬೆಳೆಯುವುದು 28ಕ್ಕೆ. ನಮ್ಮಲ್ಲಿ ಹಾಗೇ ಅಲ್ವಾ? ಓದು, ಕೆಲಸ ಎಲ್ಲ ಆದ ಮೇಲೆ, ಹೆಣ್ಣು ಗಂಡು ನೋಡುವ ಹೊತ್ತಿಗೆ, ಯಾರೋ ಸೋಫಾದಲ್ಲಿ ಕೂತು ನಮ್ಮನ್ನು ಮೇಲಿಂದ ಕೆಳಗೆ ಅಳೆಯುವಾಗ, ಚಿಕ್ಕಂದಿನಲ್ಲಿ ಒಳಗೆ ಒತ್ತಿಟ್ಟ ಕೀಳರಿಮೆ ಎಲ್ಲ ಮೇಲೆ ಬರುತ್ತದೆ.

ಇಲ್ಲಿಯವರೆಗೆ ಕೇಳಿದರೆ, 'ಪಾಪ ಬೋಳು ತಲೆಯವನು, ಜಗತ್ತು ಅವನನ್ನು ಗೇಲಿ ಮಾಡುತ್ತದೆ, ಕೊನೆಗೆ ಒಬ್ಬಳು ಒಳ್ಳೆಯ ಹುಡುಗಿ ಒಪ್ಪಿಕೊಳ್ಳುತ್ತಾಳೆ' ಅನ್ನುವ ಕಥೆ ಅನಿಸುತ್ತದೆ. ಅಷ್ಟೇ ಆಗಿದ್ದರೆ ನಾನು ನಿಮಗೆ ಬೇಡ ಅನ್ನುತ್ತಿದ್ದೆ. ಅಂಥ ಕಥೆಯಿಂದ ನೊಂದ ಹುಡುಗನಿಗೆ ಸಿಗುವುದು ಕನಿಕರ ಮಾತ್ರ. ಕನಿಕರ ಅವನಿಗೆ ಬೇಕಾಗಿಲ್ಲ.

ಈ ಸಿನಿಮಾದ ಜೀವ ಇರುವುದು ಸರಳಾ ಅನ್ನುವ ಪಾತ್ರದಲ್ಲಿ. ಶೈಲಶ್ರೀ ಮಾಡಿದ್ದಾರೆ. ಸರಳಾ ದಪ್ಪಗಿದ್ದಾಳೆ. ಅಷ್ಟು ಸಾಕು, ಜನಾರ್ದನನ ಮನಸ್ಸು ಹಿಂದೆ ಸರಿಯುತ್ತದೆ. ಇಷ್ಟು ದಿನ ತಲೆ ನೋಡಿ ತನ್ನನ್ನು ಬೇಡ ಅಂದವರ ಮೇಲೆ ಕೊರಗುತ್ತಿದ್ದವನು ಇವನೇ. ಈಗ ಮೈ ನೋಡಿ ಬೇಡ ಅನ್ನುತ್ತಿರುವವನೂ ಇವನೇ. ತನ್ನನ್ನು ಅಳೆದ ಟೇಪನ್ನೇ ಅವನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ, ಅಷ್ಟೇ. ಅದು ಅವನಿಗೆ ಗೊತ್ತೇ ಇರಲಿಲ್ಲ. ಅದು ಗೊತ್ತಾಗುವ ಹೊತ್ತಿನಲ್ಲಿ ನೋಡುವ ನಮಗೂ ಒಂದು ಕಸಿವಿಸಿ ಆಗುತ್ತದೆ. ಯಾಕೆಂದರೆ ಆವರೆಗೆ ನಾವೂ ಅವನ ಪರ ನಿಂತು, ಅವನ ಕಣ್ಣಿನಿಂದಲೇ ಎಲ್ಲ ಹುಡುಗಿಯರನ್ನೂ ನೋಡಿಕೊಂಡು ಬಂದಿರುತ್ತೇವೆ.

ನಾನು ಕಂಡ ಮಟ್ಟಿಗೆ ತನ್ನ ರೂಪವನ್ನು ಒಪ್ಪಿಕೊಳ್ಳುವ ಕೆಲಸ ಶುರುವಾಗುವುದು ಇಲ್ಲಿಂದಲೇ. ಕನ್ನಡಿ ಮುಂದೆ ನಿಂತು 'ನಾನು ಚೆನ್ನಾಗಿದ್ದೇನೆ' ಅಂತ ನೂರು ಸಲ ಹೇಳಿಕೊಂಡರೆ ಆಗುವುದಿಲ್ಲ. ಹುಡುಗರಿಗೆ ಹಾಗೆ ಹೇಳಿಸಿ ನೋಡಿದ್ದೇನೆ, ಅವರಿಗೆ ಅದು ಸುಳ್ಳು ಅಂತಲೇ ಅನಿಸುತ್ತದೆ. ಬೇರೆಯವರನ್ನು ನೋಡುವ ಕಣ್ಣು ಸ್ವಲ್ಪ ಮೆತ್ತಗಾದಾಗ ತನ್ನನ್ನು ನೋಡುವ ಕಣ್ಣೂ ಮೆತ್ತಗಾಗುತ್ತದೆ. ಒಬ್ಬ ಹುಡುಗ, ಹೆಸರು ಊರು ಬೇಡ, ಮೊಡವೆಯ ಕಲೆಗಾಗಿ ಎರಡು ವರ್ಷ ಯಾವ ಫೋಟೋದಲ್ಲೂ ನಿಂತಿರಲಿಲ್ಲ. ನಾವು ಒಂದು ಸಣ್ಣ ಗುಂಪಿನಲ್ಲಿ ಕೂತು ಈ ಚಿತ್ರ ನೋಡಿದೆವು. ಮುಗಿದ ಮೇಲೆ ಎಲ್ಲರೂ ಜನಾರ್ದನನ ಬಗ್ಗೆ ಮಾತಾಡುತ್ತಿದ್ದರು. ಇವನು ಸುಮ್ನೆ ಕೂತಿದ್ದ. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, ಚಪ್ಪಲಿಗೆ ಕಾಲು ತೂರಿಸುತ್ತಾ, ನನ್ನ ಮುಖ ನೋಡದೆ ಹೇಳಿದ: 'ನಮ್ ಕ್ಲಾಸಲ್ಲಿ ಒಬ್ಬಳಿಗೆ ನಾನೇ ಡುಮ್ಮಿ ಅಂತ ಹೆಸರಿಟ್ಟಿದ್ದು ಮೇಡಂ.' ಅಷ್ಟೇ. ಮುಂದಿನ ವಾರದಿಂದ ಅವನ ಮಾತೇ ಬೇರೆಯಾಯಿತು. ಮೊಡವೆಯ ಕಲೆ ಹಾಗೇ ಇತ್ತು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿದ್ದು: ಈ ಚಿತ್ರದಲ್ಲಿ ಕೂದಲು ಬರುವುದಿಲ್ಲ. ರೂಪದ ಬಗ್ಗೆ ಪಾಠ ಹೇಳುವ ಎಷ್ಟೋ ಸಿನಿಮಾಗಳಲ್ಲಿ ಕೊನೆಗೆ ಕನ್ನಡಕ ತೆಗೆದು, ಜಡೆ ಬಿಚ್ಚಿ, ನಾಯಕಿಯನ್ನು ಸುಂದರಿ ಮಾಡಿಬಿಡುತ್ತಾರೆ. ಹಾಗಾದರೆ ಮೊದಲು ಹೇಳಿದ್ದೆಲ್ಲ ಸುಳ್ಳು ಅಂತಲೇ ಅಲ್ವಾ? ಇಲ್ಲಿ ಮೊದಲ ದೃಶ್ಯದಲ್ಲಿದ್ದ ತಲೆಯೇ ಕೊನೆಯ ದೃಶ್ಯದಲ್ಲೂ ಇದೆ. ಅದು ಮೇಕಪ್ ತಲೆಯೂ ಅಲ್ಲ, ರಾಜ್ ಶೆಟ್ಟಿ ಅವರದ್ದೇ ತಲೆ. ನಾಯಕ ಅಂದಮೇಲೆ ದಟ್ಟ ಕೂದಲು ಇರಲೇಬೇಕು ಅನ್ನುತ್ತಿದ್ದ ಚಿತ್ರರಂಗದಲ್ಲಿ ಅದನ್ನೇ ಪೋಸ್ಟರ್ ಮೇಲೆ ಹಾಕಿಕೊಂಡು ಬಂದರು.

ಅದೇ ತಲೆ 2021ರಲ್ಲಿ ಏನು ಮಾಡಿತು ನೋಡಿ. 'ಗರುಡ ಗಮನ ವೃಷಭ ವಾಹನ' ಚಿತ್ರದಲ್ಲಿ ಅವರೇ ಶಿವ ಅನ್ನುವ ರೌಡಿ. ಆ ಪಾತ್ರ ತೆರೆಗೆ ಬಂದರೆ ಎದೆ ನಡುಗುತ್ತದೆ. ಯಾರಿಗೂ ತಲೆ ನೋಡಿ ನಗು ಬರುವುದಿಲ್ಲ. ನಾಲ್ಕು ವರ್ಷದಲ್ಲಿ ಕೂದಲು ಬೆಳೆದಿರಲಿಲ್ಲ. ನಡಿಗೆ ಬದಲಾಗಿತ್ತು, ನೋಟ ಬದಲಾಗಿತ್ತು. ನಿಮ್ಮ ಮಗನಿಗೆ ಮೊದಲನೆಯದು ಹಿಡಿಸಿದರೆ, ಒಂದೆರಡು ವಾರ ಬಿಟ್ಟು ಇದನ್ನೂ ಅವನೇ ಹುಡುಕಿ ನೋಡಲಿ. ರಕ್ತಪಾತ ಜಾಸ್ತಿ ಇದೆ, ನಿಮಗೆ ಹಿಡಿಸದೆ ಇರಬಹುದು. 19ರ ಹುಡುಗನಿಗೆ ಪರವಾಗಿಲ್ಲ.

ಅಣ್ಣಾವ್ರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜನಾರ್ದನ ಅಷ್ಟು ಆರಾಧಿಸುವ ರಾಜ್‌ಕುಮಾರ್ ಸಿನಿಮಾಗಳಲ್ಲಿ ವಿಗ್ ಹಾಕುತ್ತಿದ್ದರು. ತೆರೆಯ ಆಚೆ, ಅದರಲ್ಲೂ ಕೊನೆಯ ವರ್ಷಗಳಲ್ಲಿ, ಬಿಳಿ ಪಂಚೆ, ಬಿಳಿ ಶರಟು, ಬರಿ ತಲೆ. ಹಾಗೇ ಜನರ ಮುಂದೆ ನಿಂತು, ಕೈಮುಗಿದು 'ಅಭಿಮಾನಿ ದೇವರುಗಳೇ' ಅನ್ನುತ್ತಿದ್ದರು. ನನ್ನ ವಯಸ್ಸಿನವರಿಗೆ ಆ ಚಿತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಆ ತಲೆಯನ್ನು ನೋಡಿ ಕರ್ನಾಟಕದಲ್ಲಿ ಯಾರಿಗಾದರೂ ಅವರ ಮೇಲಿನ ಪ್ರೀತಿ ಒಂದು ಗುಲಗಂಜಿಯಷ್ಟು ಕಡಿಮೆಯಾಯಿತಾ? ಇದನ್ನು ಮಗನಿಗೆ ನೀವಾಗಿ ಹೇಳಲು ಹೋಗಬೇಡಿ. ಅಣ್ಣಾವ್ರ ಮಾತು ತಾನಾಗಿ ಬಂದಾಗ ಬರಲಿ.

ಈ ಚಿತ್ರವನ್ನು ನೀವು ಮೊದಲು ನೋಡಬೇಕು ಅಂದೆನಲ್ಲ, ಅದಕ್ಕೆ ಕಾರಣ ನಮ್ಮ ಮನೆಗಳ ಮಾತು. ಹೆಣ್ಣು ನೋಡಿ ಬಂದ ಮೇಲೆ ಹಾಲ್‌ನಲ್ಲಿ ಕೂತು ನಾವು ಏನು ಹೇಳುತ್ತೇವೆ? 'ಸ್ವಲ್ಪ ಕಪ್ಪಾದ್ರೂ ಲಕ್ಷಣವಾಗಿದ್ದಾಳೆ.' 'ಕುಳ್ಳಗಿದ್ರೂ ಒಳ್ಳೆ ಕೆಲಸದಲ್ಲಿದ್ದಾನೆ.' 'ದಪ್ಪ ಇದ್ರೂ ಮುಖ ಚೆನ್ನಾಗಿದೆ.' ಹೇಳುವವರಿಗೆ ಅದು ಹೊಗಳಿಕೆ. ಆದರೆ ಆ 'ಆದ್ರೂ', ಆ 'ಇದ್ರೂ' ಇದೆಯಲ್ಲ, ಅದು ಒಳಗೆ ಕೋಣೆಯಲ್ಲಿ ಮಲಗಿರುವ ಮಗುವಿಗೆ ಕೇಳಿಸುತ್ತದೆ. ನನಗೂ ಒಂದು ದಿನ ಯಾರೋ ಹೀಗೆ 'ಆದ್ರೂ' ಹಾಕುತ್ತಾರೆ ಅಂತ ಅದು ಆವತ್ತೇ ಲೆಕ್ಕ ಹಾಕಿಕೊಂಡುಬಿಡುತ್ತದೆ. ಟಿವಿಯಲ್ಲಿ ಬೋಳು ತಲೆಯ ಹಾಸ್ಯ ಬಂದಾಗ ಮನೆಯವರೆಲ್ಲ ನಕ್ಕಿರುತ್ತೇವೆ. 'ಬಾಂಡ್ಲಿ' ಅನ್ನುವ ಪದವನ್ನು ಎಷ್ಟು ಸಲೀಸಾಗಿ ಆಡಿರುತ್ತೇವೆ. ನೀವು ಕೆಟ್ಟವರು ಅಂತ ಹೇಳುತ್ತಿಲ್ಲ. ನಾವೆಲ್ಲ ಅದೇ ಮಾತಿನಲ್ಲಿ ಬೆಳೆದವರು. ನನ್ನ ಬಾಯಿಂದಲೂ ಆ 'ಆದ್ರೂ' ಬಂದಿದೆ.

ನೀವು ಬರೆದ ಪತ್ರದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. 'ಅವರಪ್ಪನಿಗೂ ಮೂವತ್ತಕ್ಕೇ ಹೀಗಾಗಿತ್ತು.' ಹಾಗಾದರೆ ಈ ದಾರಿಯಲ್ಲಿ ಮೊದಲೇ ನಡೆದವರು ಒಬ್ಬರು ಮನೆಯಲ್ಲೇ ಇದ್ದಾರೆ. ಆಗ ಅವರಿಗೆ ಹೇಗಾಗಿತ್ತು? ಯಾರು ಏನಂದಿದ್ದರು? ಯಾವತ್ತಾದರೂ ಯಾರ ಹತ್ತಿರವಾದರೂ ಹೇಳಿಕೊಂಡಿದ್ದಾರಾ? ನಮ್ಮ ಗಂಡಸರು ಈ ವಿಷಯ ಮಾತಾಡುವುದೇ ಇಲ್ಲ. ತಾವೇ ಮೊದಲು ಜೋಕ್ ಮಾಡಿ ಮುಗಿಸುತ್ತಾರೆ. ನಿಮ್ಮ ಯಜಮಾನರು ಒಂದು ಸಲ, ಜೋಕ್ ಮಾಡದೆ, ಮಗನಿಗೆ ತಮ್ಮ ಕಥೆ ಹೇಳಿದರೆ ಅದು ಯಾವ ಸಿನಿಮಾಕ್ಕಿಂತ ದೊಡ್ಡದು. ಸ್ಕೂಟರ್‌ನಲ್ಲಿ ಇಬ್ಬರೇ ಹೋಗುವಾಗ ಹೇಳಲಿ. ಮುಖ ಮುಖ ನೋಡಬೇಕಾಗಿಲ್ಲದ ಕಡೆ ಅಪ್ಪ ಮಗನಿಗೆ ಮಾತು ಸುಲಭ.

ಇನ್ನು ತೋರಿಸುವುದು ಹೇಗೆ. 'ನಿನಗೋಸ್ಕರ ಒಂದು ಸಿನಿಮಾ ಇದೆ' ಅನ್ನಬೇಡಿ. ಆ ಮಾತಿಗೇ ಅವನು ಬಾಗಿಲು ಹಾಕಿಕೊಳ್ಳುತ್ತಾನೆ. ನೀವು ಮೊದಲು ನೋಡಿರುತ್ತೀರಲ್ಲ, ಊಟದ ಹೊತ್ತಿಗೆ ಸುಮ್ನೆ ಒಂದು ದೃಶ್ಯದ ಬಗ್ಗೆ ಗಂಡ ಹೆಂಡತಿ ಮಾತಾಡಿಕೊಳ್ಳಿ, ಅದೂ ಸರಳಾ ಬಗ್ಗೆ. ಅವನು ಒಬ್ಬನೇ ಮೊಬೈಲಿನಲ್ಲಿ ನೋಡಿಕೊಳ್ಳುತ್ತೇನೆ ಅಂದರೆ ನೋಡಿಕೊಳ್ಳಲಿ. ಜೊತೆಗೆ ಕೂತರೆ, ಅವನ ಮುಖವನ್ನು ಓರೆಗಣ್ಣಿನಿಂದ ನೋಡುತ್ತಾ ಕೂರಬೇಡಿ, ಮಕ್ಕಳಿಗೆ ಅದು ಗೊತ್ತಾಗುತ್ತದೆ. ನೆಂಟರ ಮುಂದೆ, ಗುಂಪಿನಲ್ಲಿ ಮಾತ್ರ ಖಂಡಿತ ಬೇಡ. ಚಿತ್ರದ ಮೊದಲ ಭಾಗದಲ್ಲಿ ನಗು ಜಾಸ್ತಿ ಇದೆ. ಸುತ್ತ ಹತ್ತು ಜನ ನಗುವಾಗ ಅವರು ಜನಾರ್ದನನ ಜೊತೆ ನಗುತ್ತಿದ್ದಾರಾ, ಅವನನ್ನು ನೋಡಿ ನಗುತ್ತಿದ್ದಾರಾ ಅನ್ನುವುದು ನಿಮ್ಮ ಮಗನಿಗೆ ಗೊತ್ತಾಗುವುದಿಲ್ಲ. ಉಪ್ಪು ಸವರಿದ ಹಾಗೆ ಆಗುವುದು ಅಲ್ಲಿ.

ಇನ್ನೊಂದು ಭಯವೂ ಇದೆ. '28ಕ್ಕೆ ನನಗೂ ಹೀಗೇ ಹೆಣ್ಣು ಸಿಗದೆ ಒದ್ದಾಡಬೇಕಾ' ಅಂತ ಅವನಿಗೆ ಅನಿಸಬಹುದು. ಅನಿಸಿದರೆ ಅನಿಸಲಿ. ಅವನು ಕೇಳಿದರೆ, 'ಹಾಗೇನಿಲ್ಲ ಬಿಡು' ಅಂತ ಮುಚ್ಚಿಹಾಕಬೇಡಿ. 'ಕೆಲವರು ಬೇಡ ಅನ್ನಬಹುದು. ನಿಮ್ಮಪ್ಪನನ್ನೂ ಬೇಡ ಅಂದವರು ಇದ್ದಿರಬಹುದು. ನಾನು ಬೇಕು ಅಂದೆ' ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮುಗಿದ ಮೇಲೆ 'ಏನು ಅರ್ಥ ಆಯ್ತು?' ಅಂತ ಕೇಳಬಾರದು. ಒಂದು ವಾರ ಏನೂ ಮಾತಾಡದಿದ್ದರೂ ಪರವಾಗಿಲ್ಲ. ಬೀಜ ಹಾಕಿ ದಿನಾ ಮಣ್ಣು ಕೆದಕಿ ನೋಡಿದರೆ ಮೊಳಕೆ ಬರುತ್ತದಾ?

ಮನಸ್ಸಿನ ಮಾತು ಇಷ್ಟಾಯಿತು. ತಲೆಯ ಮಾತನ್ನೂ ಆಡಲೇಬೇಕು. ತನ್ನನ್ನು ಒಪ್ಪಿಕೊಳ್ಳಬೇಕು ಅಂದರೆ ಚಿಕಿತ್ಸೆ ಮಾಡಿಸಿಕೊಳ್ಳಬಾರದು ಅಂತ ಅರ್ಥವಲ್ಲ. ಅವನಿಗೆ ಕೂದಲು ಬೇಕು ಅನಿಸಿದರೆ ಅದು ಅವನ ಹಕ್ಕು. ಅವನನ್ನು ಚರ್ಮರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಬ್ಯೂಟಿ ಪಾರ್ಲರ್‌ಗೂ ಬೇಡ, ಯೂಟ್ಯೂಬ್ ಎಣ್ಣೆಗೂ ಬೇಡ.

ನೀವು ಹೇಳಿದ ಲಕ್ಷಣ, ಅಂದರೆ ಹಣೆಯ ಎರಡು ಮೂಲೆ ಮತ್ತು ನೆತ್ತಿ, ಅಪ್ಪನಿಗೂ ಇದ್ದದ್ದು, ಇದು ವಂಶದಿಂದ ಬರುವ ಕೂದಲು ಉದುರುವಿಕೆಯ ಹಾಗೆ ಕಾಣುತ್ತದೆ. ತಾಯಿಯ ತಂದೆಯಿಂದ ಮಾತ್ರ ಬರುತ್ತದೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಹಾಗೇನಿಲ್ಲ, ಎರಡೂ ಕಡೆಯಿಂದ ಬರಬಹುದು. ಗಂಡು ಹಾರ್ಮೋನಿನಿಂದ ಆಗುವ ಡಿಎಚ್‌ಟಿ ಅನ್ನುವ ವಸ್ತು ಕೂದಲಿನ ಬೇರನ್ನು ನಿಧಾನವಾಗಿ ಸಣ್ಣ ಮಾಡುತ್ತಾ ಹೋಗುತ್ತದೆ. ಶಾಂಪೂ, ಹೆಲ್ಮೆಟ್, ಬೋರ್‌ವೆಲ್ ನೀರು ಇದಕ್ಕೆ ಕಾರಣ ಅಲ್ಲ. ಹಾಗಾಗಿ 'ಎಣ್ಣೆ ಹಚ್ಚಲ್ಲ, ಅದಕ್ಕೇ ಹೀಗಾಯ್ತು' ಅಂತ ಅವನನ್ನು ಬಯ್ಯುವುದು ಇವತ್ತಿಗೇ ನಿಲ್ಲಲಿ. ಆದರೂ ಡಾಕ್ಟರು ಒಮ್ಮೆ ನೋಡಬೇಕು, ಬೇರೆ ಕಾರಣವೂ ಇರಬಹುದು. ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ರಾಶಿ ಕೂದಲು ಉದುರುವುದುಂಟು, ಅದು ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ಥೈರಾಯ್ಡ್ ತೊಂದರೆ, ಕಬ್ಬಿಣದ ಕೊರತೆಯಿಂದಲೂ ಆಗಬಹುದು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಮಾಮೂಲು.

ವಂಶದ್ದೇ ಆದರೆ ಮಿನಾಕ್ಸಿಡಿಲ್ ಅನ್ನುವ ಹಚ್ಚುವ ಔಷಧಿ ಕೊಡುತ್ತಾರೆ. ಇದರಲ್ಲಿ ಒಂದು ಮಾತು ಮೊದಲೇ ಗೊತ್ತಿರಬೇಕು: ಶುರು ಮಾಡಿದ ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಎಷ್ಟೋ ಹುಡುಗರು ಗಾಬರಿಯಾಗಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಬಿಟ್ಟರೆ ಬಂದ ಕೂದಲು ಮತ್ತೆ ಹೋಗುತ್ತದೆ. ಫಿನಾಸ್ಟರೈಡ್ ಅಂತ ಮಾತ್ರೆ ಇದೆ. ಕೆಲವರಿಗೆ ಅದರಿಂದ ಲೈಂಗಿಕ ತೊಂದರೆ, ಮನಸ್ಸು ಕುಗ್ಗುವುದು ಆಗುವುದುಂಟು. ಮೊದಲೇ ಕುಗ್ಗಿರುವ ಹುಡುಗ ಡಾಕ್ಟರನ್ನು ಕೇಳದೆ, ಗೆಳೆಯನ ಮಾತು ಕೇಳಿ ಅದನ್ನು ನುಂಗಬಾರದು. ಕೂದಲು ಕಸಿ ಬಗ್ಗೆ ಜಾಹೀರಾತು ನೋಡಿ ಸಾಲ ಮಾಡುವುದು ಈ ವಯಸ್ಸಿಗೆ ಬೇಡ. 19ಕ್ಕೆ ಉದುರುವುದು ಇನ್ನೂ ಎಲ್ಲಿಗೆ ನಿಲ್ಲುತ್ತದೆ ಅಂತ ಗೊತ್ತಿರುವುದಿಲ್ಲ. ಮುಂದೆ ಕಸಿ ಮಾಡಿದ ಕೂದಲು ಉಳಿದು, ಅದರ ಹಿಂದಿನದು ಹೋಗಿ, ನಡುವೆ ಖಾಲಿ ಬೀಳಬಹುದು.

ಇದನ್ನೆಲ್ಲ ನೀವು ಓದಿ ಅವನಿಗೆ ಹೇಳುವುದಕ್ಕಿಂತ, ಡಾಕ್ಟರ ಎದುರು ಅವನೊಬ್ಬನೇ ಕೂತು ಕೇಳಲಿ. ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ.

ಈಗ ಎಚ್ಚರದ ಮಾತು. ಟೋಪಿ ಹಾಕುವುದು, ಫೋಟೋ ಬೇಡ ಅನ್ನುವುದು, ಸಿಡುಕುವುದು ಈ ವಯಸ್ಸಿನಲ್ಲಿ ಹೆಚ್ಚು ಕಡಿಮೆ ಎಲ್ಲರಲ್ಲೂ ಇರುತ್ತದೆ. ಕಟಿಂಗ್ ಶಾಪ್‌ನಲ್ಲಿ ಕೊನೆಗೆ ಹಿಂದೆ ಒಂದು ಕನ್ನಡಿ ಹಿಡಿದು ನೆತ್ತಿ ತೋರಿಸುತ್ತಾರಲ್ಲ, ಆ ಒಂದು ಕ್ಷಣಕ್ಕೆ ಹೆದರಿ ಆರು ತಿಂಗಳು ಕ್ಷೌರಕ್ಕೇ ಹೋಗದ ಹುಡುಗರನ್ನು ನೋಡಿದ್ದೇನೆ. ಅವರೆಲ್ಲ ಸ್ವಲ್ಪ ಆಸರೆ ಸಿಕ್ಕ ಮೇಲೆ ಚೇತರಿಸಿಕೊಂಡರು. ಆದರೆ ಕೆಲವರಲ್ಲಿ ಇದು ಕಾಯಿಲೆಯಾಗಿಯೇ ಬೆಳೆಯುತ್ತದೆ. ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಅಂತ ಅದಕ್ಕೆ ಹೆಸರು. ನೂರರಲ್ಲಿ ಸುಮಾರು ಇಬ್ಬರಿಗೆ ಇರುತ್ತದೆ, ಶುರುವಾಗುವುದು ಹೆಚ್ಚಾಗಿ ಹದಿಹರೆಯದಲ್ಲೇ. ದಿನಕ್ಕೆ ಗಂಟೆಗಟ್ಟಲೆ ಅದೇ ಯೋಚನೆ. ಕನ್ನಡಿ, ಮೊಬೈಲ್ ಕ್ಯಾಮೆರಾದಲ್ಲಿ ಮತ್ತೆ ಮತ್ತೆ ನೋಡಿಕೊಳ್ಳುವುದು, ಇಲ್ಲವೇ ಕನ್ನಡಿಯನ್ನೇ ಮುಚ್ಚಿಡುವುದು. 'ಜಾಸ್ತಿ ಆಗಿದೆಯಾ, ಕಾಣಿಸ್ತಿದೆಯಾ' ಅಂತ ದಿನಕ್ಕೆ ಹತ್ತು ಸಲ ಕೇಳುವುದು. ಕಾಲೇಜಿಗೇ ಹೋಗದೆ ಇರುವುದು. ನೋಡುವವರಿಗೆ ಅಷ್ಟು ದೊಡ್ಡದಾಗಿ ಕಾಣದ್ದು ಅವರಿಗೆ ಬೆಟ್ಟದಷ್ಟಾಗಿರುತ್ತದೆ. ಇದಕ್ಕೆ ಸಿನಿಮಾ ಸಾಲದು, ಬುದ್ಧಿಮಾತೂ ಸಾಲದು. ಆದರೆ ಒಳ್ಳೆಯ ಚಿಕಿತ್ಸೆ ಇದೆ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ, ಬೇಕಾದರೆ ಮಾತ್ರೆ, ಎರಡರಿಂದಲೂ ಗುಣ ಕಾಣುತ್ತದೆ.

ನಿಮ್ಮ ಮಗ ಕಾಲೇಜಿಗೆ ಹೋಗುತ್ತಿದ್ದಾನಾ, ನಿದ್ದೆ ಊಟ ಹೇಗಿದೆ ಅಂತ ನೀವು ಬರೆದಿಲ್ಲ. ಅದನ್ನು ಗಮನಿಸಿ. 'ನಾನಿದ್ದು ಏನು ಪ್ರಯೋಜನ' ಅನ್ನುವಂಥ ಮಾತು ಒಂದು ಸಲ ಬಂದರೂ ತಡ ಮಾಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೀವೂ ಮಾಡಬಹುದು, ಅವನೇ ಮಾಡಬೇಕು ಅಂತೇನಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ.

ಕೊನೆಗೆ ಮದುವೆಯ ವಿಷಯ. ಇದನ್ನು ಹೇಳುವಾಗ ನನಗೆ ಇನ್ನೊಂದು ಸಣ್ಣ ಸಿನಿಮಾದ ನೆನಪು ಬರುತ್ತದೆ. ಅಮೆರಿಕದ್ದು, 2018ರ 'ಏಯ್ತ್ ಗ್ರೇಡ್'. ಬೋ ಬರ್ನ್‌ಹ್ಯಾಮ್ ನಿರ್ದೇಶನ. ಎಂಟನೇ ಕ್ಲಾಸಿನ ಕೇಯ್ಲಾ ಅನ್ನುವ ಹುಡುಗಿ. ಆ ಪಾತ್ರ ಮಾಡಿದ ಎಲ್ಸಿ ಫಿಶರ್ ಅವರ ಮುಖದ ಮೊಡವೆಗಳು ತೆರೆಯ ಮೇಲೆ ಹಾಗೇ ಕಾಣುತ್ತವೆ. ಅದರಲ್ಲಿ ರಾತ್ರಿ ಅಪ್ಪ ಮಗಳು ಹಿತ್ತಲಲ್ಲಿ ಬೆಂಕಿ ಮುಂದೆ ಕೂತಿರುತ್ತಾರೆ. ಮಗಳು ಅಪ್ಪನನ್ನು ಕೇಳುತ್ತಾಳೆ, ನಾನು ನಿನ್ನ ಮಗಳಾಗಿರುವುದರಿಂದ ನಿನಗೆ ಬೇಜಾರಾಗುತ್ತದಾ ಅಂತ. ಅಪ್ಪನಿಗೆ ಆ ಪ್ರಶ್ನೆಯೇ ನಂಬಲಾಗುವುದಿಲ್ಲ. ಒಳಗೆ ಇಷ್ಟು ದಿನ ಇದು ಕೊರೆಯುತ್ತಿತ್ತು ಅಂತ ಅವನಿಗೆ ಗೊತ್ತೇ ಇರಲಿಲ್ಲ. ನೀನಿರುವುದರಿಂದ ನನಗೆ ಎಷ್ಟು ಸಂತೋಷ ಅಂತ ತಡವರಿಸುತ್ತಾ ಹೇಳುತ್ತಾನೆ. ನಾನು ಆ ದೃಶ್ಯ ನೋಡಿದಾಗೆಲ್ಲ ಗಂಟಲು ಕಟ್ಟುತ್ತದೆ.

'ಮದುವೆಗೆ ಬರಲ್ಲ' ಅನ್ನುವ ನಿಮ್ಮ ಮಗನ ಮಾತಿನ ಕೆಳಗೂ ಇದೇ ಪ್ರಶ್ನೆ ಇರಬಹುದು. ನನ್ನನ್ನು ನೋಡಿ ನಿಮಗೆ ಅವಮಾನ ಆಗುತ್ತದಾ? ಊಟದ ತಟ್ಟೆಯ ಮುಂದೆ 'ಟೋಪಿ ತೆಗಿಯೋ' ಅಂದಾಗ ಅವನಿಗೆ ಕೇಳಿಸಿದ್ದೂ ಅದರ ಉತ್ತರವೇ ಏನೋ. ಟೋಪಿಯ ಮಾತನ್ನು ಇನ್ನು ಮುಂದೆ ಎತ್ತಬೇಡಿ. ಯಾವತ್ತು ಬೇಡ ಅನಿಸುತ್ತದೋ ಅವತ್ತು ಅವನೇ ತೆಗೆಯುತ್ತಾನೆ.

ಮದುವೆಗೆ ಮೊದಲೇ ನಿಮ್ಮ ಅಣ್ಣನಿಗೆ, ಅತ್ತಿಗೆಗೆ ಒಂದು ಫೋನ್ ಮಾಡಿ. ಹುಡುಗನ ತಲೆಯ ಬಗ್ಗೆ ಯಾರೂ ಮಾತೆತ್ತುವುದು ಬೇಡ, ಬಲವಂತವಾಗಿ ಫೋಟೋಗೆ ಎಳೆಯುವುದು ಬೇಡ ಅಂತ ಹೇಳಿಡಿ. ಆಮೇಲೆ ಮಗನಿಗೆ ಹೇಳಿ: 'ನೀನು ಬಂದ್ರೆ ನಂಗೆ ಖುಷಿ. ಟೋಪಿ ಹಾಕ್ಕೊಂಡೇ ಬಾ. ಸಾಕು ಅನಿಸಿದ ತಕ್ಷಣ ಹೊರಟು ಬಿಡು, ನಾನು ಯಾಕೆ ಅಂತ ಕೇಳಲ್ಲ.' ಬರಲಿಲ್ಲ ಅಂದರೆ ಅವನ ಪಾಲಿನ ಊಟ ಕಟ್ಟಿಸಿಕೊಂಡು ಬನ್ನಿ, ಮುಖ ಸಪ್ಪೆ ಮಾಡಬೇಡಿ. ಬಂದ ಅಂತಾದರೆ, ಛತ್ರದಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, 'ಯಾಕೋ ಮರಿ ಟೋಪಿ?' ಅಂತ. ಅವನು ಬಾಯಿ ತೆರೆಯುವ ಮೊದಲು ನೀವೇ ಹೇಳಿ: 'ಅವನಿಗಿಷ್ಟ, ಹಾಕ್ಕೊಂಡಿದ್ದಾನೆ. ಊಟ ಆಯ್ತಾ ನಿಮ್ದು?'